ಯೀಸ್ಟ್‌ಗೆ ಜೀವ ಇದೆ ಅಂತ ಹೇಗೆ ಗೊತ್ತು?

ಬಾಟಲಿಯ ಬಾಯಿಗೆ ಸಿಕ್ಕಿಸಿದ್ದ ಬಲೂನ್ ಮೆಲ್ಲಗೆ ತಲೆ ಎತ್ತಿ ನಿಂತಾಗ ನನ್ನ ತಂಗಿಯ ಮಗಳು ಚಪ್ಪಾಳೆ ತಟ್ಟಿದಳು. ಅವಳಿಗೆ 9 ವರ್ಷ. "ನೋಡು, ಒಳಗಿರೋ ಯೀಸ್ಟ್ ಸಕ್ಕರೆ ತಿಂದು ಗಾಳಿ ಬಿಡ್ತಿದೆ. ಅದಕ್ಕೂ ಜೀವ ಇದೆ" ಅಂದೆ. ಅವಳು ಸ್ವಲ್ಪ ಹೊತ್ತು ಬಾಟಲಿಯನ್ನೇ ನೋಡುತ್ತಾ ನಿಂತಳು. ಆಮೇಲೆ ಕೇಳಿದಳು: "ದೊಡ್ಡಮ್ಮ, ಅಡುಗೆ ಸೋಡಾಗೆ ವಿನೆಗರ್ ಹಾಕಿದ್ರೂ ಬಲೂನ್ ಊದುತ್ತೆ. ಹಾಗಾದ್ರೆ ಸೋಡಾಗೂ ಜೀವ ಇದೆಯಾ?"

ನನ್ನ ಬಳಿ ತಕ್ಷಣಕ್ಕೆ ಉತ್ತರ ಇರಲಿಲ್ಲ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಬಲೂನ್ ಊದಿದರೆ ಒಳಗೆ ಏನೋ ಅನಿಲ ಹುಟ್ಟಿತು ಅಂತ ಗೊತ್ತಾಗುತ್ತದೆ, ಅಷ್ಟೇ. ಅದನ್ನು ಹುಟ್ಟಿಸಿದ್ದು ಒಂದು ಜೀವಿಯೋ, ಒಂದಕ್ಕೊಂದು ಬೆರೆತ ಎರಡು ಪುಡಿಗಳೋ ಅನ್ನುವುದನ್ನು ಬಲೂನ್ ಹೇಳುವುದಿಲ್ಲ. ಇದೇ ಪ್ರಶ್ನೆ ಹಿಡಿದುಕೊಂಡು ಯುರೋಪಿನ ದೊಡ್ಡ ದೊಡ್ಡ ವಿಜ್ಞಾನಿಗಳು 19ನೇ ಶತಮಾನದಲ್ಲಿ ವರ್ಷಗಟ್ಟಲೆ ವಾದ ಮಾಡಿದ್ದಾರೆ. ಆ ವಾದದ ಬಹುಪಾಲನ್ನು ನಾವು ಮನೆಯ ಮೇಜಿನ ಮೇಲೆಯೇ ಮತ್ತೆ ನಡೆಸಬಹುದು. ಬೇಕಾಗಿರುವುದು ಒಣ ಯೀಸ್ಟ್, ಸಕ್ಕರೆ, ಕೆಲವು ಬಾಟಲಿ, ಬಲೂನ್, ದಾರ, ಅಳತೆ ಪಟ್ಟಿ. ಜೊತೆಗೆ ಒಂದಿಷ್ಟು ತಾಳ್ಮೆ.

ಮೊದಲು ಆ ಹೆಸರಾಂತ ಬಾಟಲಿಯನ್ನೇ ತಯಾರು ಮಾಡೋಣ. ಅರ್ಧ ಲೀಟರ್‌ನ ಪ್ಲಾಸ್ಟಿಕ್ ಬಾಟಲಿಗೆ ಸುಮಾರು 150 ಮಿಲಿಲೀಟರ್ ಉಗುರುಬೆಚ್ಚಗಿನ ನೀರು ಹಾಕಿ. ಬೆರಳು ಅದ್ದಿದರೆ ಹಿತವಾಗಿರಬೇಕು, ಸುಡಬಾರದು. ಥರ್ಮಾಮೀಟರ್ ಇದ್ದರೆ 35ರಿಂದ 40 ಡಿಗ್ರಿ ಸೆಲ್ಸಿಯಸ್ ನೋಡಿಕೊಳ್ಳಿ. ಒಂದು ಟೀ ಚಮಚ ಸಕ್ಕರೆ ಹಾಕಿ ಕರಗಿಸಿ. ಮೇಲೆ ಒಂದು ಟೀ ಚಮಚ ಒಣ ಯೀಸ್ಟ್ ಉದುರಿಸಿ.

ಬಲೂನ್ ಸಿಕ್ಕಿಸುವ ಅವಸರ ಬೇಡ. ಎರಡು ನಿಮಿಷ ಸುಮ್ನೆ ನೋಡಿ. ಕಂದು ಕಾಳುಗಳು ಮೊದಲು ನೀರಿನ ಮೇಲೆ ತೇಲುತ್ತವೆ. ಆಮೇಲೆ ಒಂದೊಂದೇ ನೆನೆದು ಕೆಳಗೆ ಇಳಿಯುತ್ತವೆ. ಇಳಿಯುವಾಗ ಹಿಂದೆ ಒಂದು ಮಸುಕಾದ ಎಳೆಯನ್ನು ಬಿಡುತ್ತಾ ಹೋಗುತ್ತವೆ, ಆರಿಸಿದ ದೀಪದ ಬತ್ತಿಯಿಂದ ಏಳುವ ಹೊಗೆಯ ಹಾಗೆ. ಆ ಮಸುಕು ಎಳೆಯೇ ಯೀಸ್ಟ್. ಕಾಳಿನಲ್ಲಿ ಅಂಟಿಕೊಂಡಿದ್ದ ಜೀವಕೋಶಗಳು ಬಿಡಿಬಿಡಿಯಾಗಿ ನೀರಿಗೆ ಇಳಿಯುತ್ತಿವೆ. ಒಂದೊಂದು ಕೋಶ ಮಿಲಿಮೀಟರಿನ ಸುಮಾರು 200ನೇ ಒಂದು ಭಾಗದಷ್ಟು ಅಗಲ. ಒಂದು ಗ್ರಾಂ ಒಣ ಯೀಸ್ಟ್‌ನಲ್ಲಿ ಇಂಥವು ನೂರಾರು ಕೋಟಿ ಇರುತ್ತವೆ.

ಈಗ ಬಲೂನನ್ನು ಒಮ್ಮೆ ಬಾಯಲ್ಲಿ ಊದಿ, ಗಾಳಿ ಬಿಟ್ಟು, ಸಡಿಲ ಮಾಡಿಕೊಂಡು ಬಾಟಲಿಯ ಬಾಯಿಗೆ ಸಿಕ್ಕಿಸಿ. ಹತ್ತು ಹದಿನೈದು ನಿಮಿಷದಲ್ಲಿ ನೀರಿನ ಮೇಲೆ ಕೆನೆಯಂಥ ನೊರೆ ಕಟ್ಟುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಬಲೂನ್ ಎದ್ದು ನಿಲ್ಲುತ್ತದೆ.

ಇದಕ್ಕೆ ವಿವರಣೆ ಹೀಗಿದೆ. ಯೀಸ್ಟ್ ಅಂದರೆ ಒಂದೇ ಕೋಶದ ಶಿಲೀಂಧ್ರ. ಅಣಬೆ, ಬೂಷ್ಟುಗಳ ಬಳಗಕ್ಕೆ ಸೇರಿದ್ದು. ಬ್ರೆಡ್ಡಿಗೆ ಬಳಸುವ ಜಾತಿಯ ಹೆಸರು ಸ್ಯಾಕರೊಮೈಸಿಸ್ ಸೆರೆವಿಸಿಯೆ. ಮೊದಲ ಪದಕ್ಕೆ ಸಕ್ಕರೆಯ ಶಿಲೀಂಧ್ರ ಅಂತಲೇ ಅರ್ಥ. ಅದನ್ನು ಜೋಪಾನವಾಗಿ ಒಣಗಿಸಿದಾಗ ಒಳಗಿನ ಕೆಲಸವೆಲ್ಲ ಹೆಚ್ಚುಕಮ್ಮಿ ನಿಂತುಬಿಡುತ್ತದೆ, ಆದರೆ ಬಹಳಷ್ಟು ಕೋಶಗಳು ಸಾಯುವುದಿಲ್ಲ. ನೀರು ಸಿಕ್ಕಿದ ಮೇಲೆ ಏಳುತ್ತವೆ. ಸಕ್ಕರೆಯನ್ನು ಒಡೆದು ಅದರಿಂದ ಶಕ್ತಿ ಪಡೆಯುತ್ತವೆ. ಒಡೆದ ಮೇಲೆ ಉಳಿಯುವುದು ಎರಡು: ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್. ಇದಕ್ಕೆ ಹುದುಗುವಿಕೆ ಅನ್ನುತ್ತಾರೆ. ಬಲೂನಿನೊಳಗೆ ತುಂಬಿದ್ದು ಆ ಇಂಗಾಲದ ಡೈಆಕ್ಸೈಡ್.

ಇದು ಪುಸ್ತಕದ ವಿವರಣೆ. ನಂಬಲೇಬೇಕು ಅಂತ ಮಗುವಿಗೆ ಹೇಳಬಾರದು. ನಂಬುವ ಮೊದಲು ಬಾಟಲಿಗೆ ಒಂದು ಜೋಡಿ ಇಡಬೇಕು.

ಪಕ್ಕದ ಬಾಟಲಿ

ಮಕ್ಕಳ ವಿಜ್ಞಾನದ ವಿಡಿಯೊಗಳಲ್ಲಿ ಬಹಳ ಸಲ ಒಂದೇ ಬಾಟಲಿ ಇರುತ್ತದೆ. ನನ್ನ ಪ್ರಕಾರ ಒಂದೇ ಬಾಟಲಿ ಇಟ್ಟರೆ ಅದು ಪ್ರದರ್ಶನ, ಪ್ರಯೋಗ ಅಲ್ಲ. ಪಕ್ಕದಲ್ಲಿ ಇನ್ನೊಂದು ಇಟ್ಟು, ಅದರಲ್ಲಿ ಒಂದೇ ಒಂದು ವಿಷಯವನ್ನು ಬದಲಿಸಿದಾಗ ಪ್ರಯೋಗ ಶುರುವಾಗುತ್ತದೆ.

ನಾಲ್ಕು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಯೀಸ್ಟ್, ಸಕ್ಕರೆ, ನೀರು. ಎರಡನೆಯದರಲ್ಲಿ ಸಕ್ಕರೆ ಇಲ್ಲ, ಬರೀ ಯೀಸ್ಟ್ ಮತ್ತು ನೀರು. ಮೂರನೆಯದರಲ್ಲಿ ಯೀಸ್ಟ್ ಇಲ್ಲ, ಬರೀ ಸಕ್ಕರೆ ನೀರು. ನಾಲ್ಕನೆಯದರಲ್ಲಿ ಎಲ್ಲವೂ ಇದೆ, ಆದರೆ ಯೀಸ್ಟನ್ನು ಮೊದಲು ಸ್ವಲ್ಪ ನೀರಿನಲ್ಲಿ ಐದು ನಿಮಿಷ ಚೆನ್ನಾಗಿ ಕುದಿಸಿ, ಉಗುರುಬೆಚ್ಚಗೆ ಆಗುವವರೆಗೆ ಆರಿಸಿ ಆಮೇಲೆ ಹಾಕಬೇಕು. ನೀರಿನ ಅಳತೆ, ಕಾವು, ಬಲೂನಿನ ಗಾತ್ರ ಎಲ್ಲ ಒಂದೇ ಇರಲಿ. ಬಾಟಲಿಗಳ ಮೇಲೆ ಹೆಸರು ಬರೆದು ಅಂಟಿಸಿ. ಅರ್ಧ ಗಂಟೆ ಕಳೆದ ಮೇಲೆ ಯಾವುದು ಯಾವುದು ಅಂತ ನೆನಪಿರುವುದಿಲ್ಲ.

ಮೊದಲನೆಯದು ಊದುತ್ತದೆ. ಸಕ್ಕರೆ ನೀರಿನ ಬಲೂನ್ ಬಿದ್ದುಕೊಂಡೇ ಇರುತ್ತದೆ. ಸಕ್ಕರೆ ಇಲ್ಲದ ಯೀಸ್ಟ್ ಹೆಚ್ಚೇನೂ ಮಾಡುವುದಿಲ್ಲ. ಯೀಸ್ಟ್ ತನ್ನೊಳಗೆ ಕೂಡಿಟ್ಟುಕೊಂಡ ಆಹಾರವೂ ಒಂದಿಷ್ಟು ಇರುತ್ತದೆ, ಹಾಗಾಗಿ ಒಂದೆರಡು ಗುಳ್ಳೆ ಕಂಡರೆ ಗಾಬರಿಯಾಗಬೇಡಿ. ಕುದಿಸಿದ ಯೀಸ್ಟ್ ಮಾತ್ರ ಎಷ್ಟು ಹೊತ್ತು ಕಾದರೂ ಅಲುಗಾಡುವುದಿಲ್ಲ.

ಈಗ ಸೋಡಾದ ಮಾತಿಗೆ ಬರೋಣ. ಅಡುಗೆ ಸೋಡಾವನ್ನು ನೀರಿನಲ್ಲಿ ಐದು ನಿಮಿಷ ಕುದಿಸಿ, ಆರಿಸಿ, ವಿನೆಗರ್ ಹಾಕಿ. ಬುಸ್ ಅಂತ ಉಕ್ಕುತ್ತದೆ. ಕುದಿಸಿದ್ದರಿಂದ ಅದರ ಗುಣ ಹೋಗಲಿಲ್ಲ. ಇನ್ನೊಂದು ವ್ಯತ್ಯಾಸವನ್ನೂ ಗಮನಿಸಿ. ಸೋಡಾ ಬಲೂನ್ ಕೆಲವೇ ಸೆಕೆಂಡಿನಲ್ಲಿ ಊದಿ ನಿಂತುಬಿಡುತ್ತದೆ. ಯೀಸ್ಟ್ ನಿಧಾನಕ್ಕೆ ಶುರು ಮಾಡಿ, ಆಮೇಲೆ ಜೋರು ಹಿಡಿದು, ಗಂಟೆಗಟ್ಟಲೆ ನಡೆಸುತ್ತದೆ. ಇದರಿಂದ ವಿಷಯ ಪೂರ್ತಿ ತೀರ್ಮಾನವಾಯಿತು ಅಂತಲ್ಲ. ಆದರೆ ಯೀಸ್ಟ್‌ನಲ್ಲಿರುವ ಏನೋ ಒಂದು ಕುದಿತಕ್ಕೆ ಹಾಳಾಗುತ್ತದೆ ಅನ್ನುವುದು ಖಚಿತವಾಯಿತು.

1837ರಲ್ಲಿ ಜರ್ಮನಿಯ ಥಿಯೊಡೋರ್ ಶ್ವಾನ್ ಹಿಡಿದದ್ದೂ ಇದೇ ದಾರಿ. ಕಾಯಿಸಿದ ಸಕ್ಕರೆ ದ್ರವ ಹುದುಗುವುದಿಲ್ಲ, ಯೀಸ್ಟ್ ಅನ್ನುವುದು ಬೆಳೆಯುವ ಜೀವಿ, ಅದು ಬೆಳೆಯುವಾಗಲೇ ಹುದುಗುವಿಕೆ ಆಗುತ್ತದೆ ಅಂತ ಅವರು ಹೇಳಿದರು. ಹೆಚ್ಚುಕಮ್ಮಿ ಅದೇ ಸಮಯಕ್ಕೆ ಫ್ರಾನ್ಸಿನ ಕ್ಯಾನ್ಯಾರ್ ದ ಲಾ ಟೂರ್ ಮತ್ತು ಜರ್ಮನಿಯವರೇ ಆದ ಕ್ಯುಟ್ಸಿಂಗ್ ಕೂಡ ಬೇರೆ ಬೇರೆಯಾಗಿ ಅದೇ ಮಾತಿಗೆ ಬಂದಿದ್ದರು. ಆ ಕಾಲದ ರಸಾಯನ ವಿಜ್ಞಾನದ ಹಿರಿಯರಿಗೆ ಇದು ಒಪ್ಪಿಗೆಯಾಗಲಿಲ್ಲ. 1839ರಲ್ಲಿ ಫ್ರೆಡ್ರಿಕ್ ವೋಲರ್ ಮತ್ತು ಯುಸ್ಟಸ್ ಫಾನ್ ಲೀಬಿಗ್ ಹೆಸರು ಹಾಕದೆ ಒಂದು ಅಣಕು ಲೇಖನ ಪ್ರಕಟಿಸಿದರು. ಯೀಸ್ಟ್ ಅಂದರೆ ಪುಟ್ಟ ಪ್ರಾಣಿಗಳಂತೆ, ಬಾಯಿಂದ ಸಕ್ಕರೆ ನುಂಗಿ ಹಿಂದಿನಿಂದ ಆಲ್ಕೋಹಾಲ್ ಬಿಡುತ್ತವಂತೆ ಅಂತ. ಓದಿದಾಗ ನನಗೆ ಶ್ವಾನ್ ಬಗ್ಗೆ ಪಾಪ ಅನ್ನಿಸಿತು. ಕಷ್ಟಪಟ್ಟು ಕಂಡುಕೊಂಡ ನಿಜವನ್ನು ಹಿರಿಯರು ನಕ್ಕು ತಳ್ಳಿಹಾಕಿದರೆ ಹೇಗಿರುತ್ತದೆ, ಅಲ್ವಾ? ಸುಮಾರು ಇಪ್ಪತ್ತು ವರ್ಷದ ಮೇಲೆ ಲೂಯಿ ಪಾಶ್ಚರ್ ಒಂದರ ಮೇಲೊಂದು ಪ್ರಯೋಗ ಮಾಡಿ, ಆಲ್ಕೋಹಾಲ್ ಹುದುಗುವಿಕೆ ಜೀವಂತ ಯೀಸ್ಟ್‌ನ ಕೆಲಸ ಅಂತ ತೋರಿಸಿಕೊಟ್ಟರು.

ನಿದ್ದೆ ಮತ್ತು ಸಾವು

ಎಲ್ಲ ಪ್ರಯೋಗಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಕಾವಿನದು. ಇದನ್ನು ಅವಸರ ಮಾಡದೆ ಮಾಡಬೇಕು.

ಮೂರು ಬಾಟಲಿ. ಮೂರಕ್ಕೂ ಅಷ್ಟಷ್ಟೇ ಯೀಸ್ಟ್, ಸಕ್ಕರೆ, ನೀರು. ಒಂದರಲ್ಲಿ ಐಸ್ ಹಾಕಿ ತಣ್ಣಗಾದ ನೀರು, ಆ ಬಾಟಲಿಯನ್ನು ಐಸ್ ನೀರಿನ ಪಾತ್ರೆಯೊಳಗೇ ನಿಲ್ಲಿಸಿ. ಒಂದರಲ್ಲಿ ಉಗುರುಬೆಚ್ಚಗಿನ ನೀರು, ಅದನ್ನು ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ. ಮೂರನೆಯದರಲ್ಲಿ 70 ಡಿಗ್ರಿಯ ಸುಡುನೀರು. ಸುಡುನೀರಿಗೆ ಪ್ಲಾಸ್ಟಿಕ್ ಬೇಡ, ಬಿಸಿ ತಡೆಯುವ ಬಾಟಲಿ ಬೇಕು. ಸುರಿಯುವ ಕೆಲಸ ದೊಡ್ಡವರದ್ದು.

ಪ್ರತಿ ಹತ್ತು ನಿಮಿಷಕ್ಕೆ ಬಲೂನಿನ ಹೊಟ್ಟೆಗೆ ದಾರ ಸುತ್ತಿ, ಆ ದಾರವನ್ನು ಅಳತೆ ಪಟ್ಟಿಯ ಮೇಲಿಟ್ಟು ನೋಡಿ ಬರೆದುಕೊಳ್ಳಿ. ಕಣ್ಣಂದಾಜಿಗಿಂತ ದಾರ ವಾಸಿ.

ಇಲ್ಲಿ ಒಂದು ಮೋಸ ಕಾದಿರುತ್ತದೆ. ನಾನು ಮಾಡಿದಾಗ ಎಲ್ಲಕ್ಕಿಂತ ಮೊದಲು ತಲೆ ಎತ್ತಿದ್ದು ಸುಡುನೀರಿನ ಬಲೂನ್! ಯೀಸ್ಟ್‌ಗೆ ಬಿಸಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಬರೆದುಕೊಳ್ಳುವುದರಲ್ಲಿದ್ದೆ. ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿಯೇ ಸೊರಗಿ ಕೆಳಗೆ ಬಿತ್ತು. ಆಗಿದ್ದು ಇಷ್ಟೇ. ಬಾಟಲಿಯೊಳಗೆ ಮೊದಲೇ ಇದ್ದ ಗಾಳಿ ಬಿಸಿಯಾಗಿ ಹಿಗ್ಗಿತು, ಜೊತೆಗೆ ಹಬೆಯೂ ಸೇರಿತು. ನೀರು ಆರಿದ ಹಾಗೆ ಗಾಳಿ ಕುಗ್ಗಿತು, ಹಬೆ ನೀರಾಯಿತು. ಯೀಸ್ಟ್‌ನ ಪಾತ್ರ ಏನೂ ಇರಲಿಲ್ಲ. ಅದಕ್ಕೇ ಯೀಸ್ಟ್ ಹಾಕದ, ಬರೀ ಸುಡುನೀರಿನ ನಾಲ್ಕನೇ ಬಾಟಲಿಯೊಂದನ್ನೂ ಪಕ್ಕದಲ್ಲಿ ಇಡಿ. ಎರಡು ಬಲೂನ್‌ಗಳೂ ಒಂದೇ ಥರ ಎದ್ದು ಬೀಳುವುದನ್ನು ನೋಡಿದರೆ ಮಕ್ಕಳಿಗೆ ಜೋಡಿ ಬಾಟಲಿ ಯಾಕೆ ಬೇಕು ಅಂತ ಬೇರೆ ಹೇಳಬೇಕಿಲ್ಲ.

ಒಂದು ಗಂಟೆಯ ಹೊತ್ತಿಗೆ ಉಗುರುಬೆಚ್ಚಗಿನ ಬಾಟಲಿಯ ಬಲೂನ್ ಮಾತ್ರ ದುಂಡಗೆ ನಿಂತಿರುತ್ತದೆ. ತಣ್ಣನೆಯದು ಮತ್ತು ಸುಟ್ಟದ್ದು ಎರಡೂ ಜೋತುಬಿದ್ದಿರುತ್ತವೆ. ಹೊರಗಿನಿಂದ ನೋಡಿದರೆ ಎರಡಕ್ಕೂ ಏನೂ ವ್ಯತ್ಯಾಸ ಇಲ್ಲ. ಬಹಳ ಜನ ಪ್ರಯೋಗವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನೀವು ನಿಲ್ಲಿಸಬೇಡಿ. ಎರಡೂ ಬಾಟಲಿಗಳನ್ನು ತೆಗೆದು ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಇಟ್ಟು ಮತ್ತೊಂದು ಗಂಟೆ ಕಾಯಿರಿ.

ತಣ್ಣಗಿದ್ದದ್ದು ಏಳುತ್ತದೆ. ನೊರೆ ಬರುತ್ತದೆ, ಬಲೂನ್ ನಿಲ್ಲುತ್ತದೆ. ಸುಟ್ಟದ್ದು ಏಳುವುದಿಲ್ಲ. ಇವತ್ತಿಗೂ ಇಲ್ಲ, ನಾಳೆಗೂ ಇಲ್ಲ. ಒಂದು ನಿದ್ದೆಯಲ್ಲಿತ್ತು, ಇನ್ನೊಂದು ಸತ್ತಿತ್ತು.

ಕಾರಣ ಕಿಣ್ವಗಳಲ್ಲಿದೆ. ಯೀಸ್ಟ್ ಸಕ್ಕರೆಯನ್ನು ಒಂದೇ ಏಟಿಗೆ ಒಡೆಯುವುದಿಲ್ಲ. ಹನ್ನೆರಡು ಮೆಟ್ಟಿಲಲ್ಲಿ ಸ್ವಲ್ಪ ಸ್ವಲ್ಪವೇ ಒಡೆಯುತ್ತದೆ. ಒಂದೊಂದು ಮೆಟ್ಟಿಲಿಗೂ ಅದರದೇ ಕಿಣ್ವ ಇದೆ. ಕಿಣ್ವ ಅಂದರೆ ಒಂದು ಪ್ರೋಟೀನ್, ಇಂಥದ್ದೇ ಆಕಾರಕ್ಕೆ ಮಡಚಿಕೊಂಡು ಕೂತಿರುತ್ತದೆ. ಆ ಆಕಾರ ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ತಣ್ಣಗಾದಾಗ ಆಕಾರ ಹಾಗೇ ಇರುತ್ತದೆ, ಕೆಲಸ ಮಾತ್ರ ನಿಧಾನವಾಗುತ್ತದೆ. ಕಾವು 50 ಡಿಗ್ರಿ ದಾಟಿದ ಮೇಲೆ ಕೋಶಗಳು ಸಾಯತೊಡಗುತ್ತವೆ. 60ರ ಹೊತ್ತಿಗೆ ಪ್ರೋಟೀನ್‌ಗಳ ಮಡಿಕೆಗಳು ಬಿಚ್ಚಿ ಗೋಜಲಾಗಿರುತ್ತವೆ. ಬೆಂದ ಮೊಟ್ಟೆಯ ಬಿಳಿ ಭಾಗ ಆರಿಸಿದರೂ ಮತ್ತೆ ನೀರಾಗುವುದಿಲ್ಲ ಅಲ್ವಾ? ಹಾಗೆಯೇ ಇದು. ಬ್ರೆಡ್ ಮಾಡಲು ಹೋಗಿ ಹಿಟ್ಟು ಉಬ್ಬಲೇ ಇಲ್ಲ ಅಂತ ಬೇಜಾರು ಮಾಡಿಕೊಳ್ಳುವವರಿಗೆ ನಾನು ಮೊದಲು ಕೇಳುವುದೇ ನೀರು ಎಷ್ಟು ಬಿಸಿ ಇತ್ತು ಅಂತ.

ಸಕ್ಕರೆ ಎಲ್ಲಿಗೆ ಹೋಯಿತು?

ಬಲೂನಿನಲ್ಲಿರುವುದು ಇಂಗಾಲದ ಡೈಆಕ್ಸೈಡೇ ಅಂತ ಹೇಗೆ ಹೇಳುವುದು? ಸುಣ್ಣದ ತಿಳಿನೀರು ಹೇಳುತ್ತದೆ. ಸ್ವಲ್ಪ ಸುಣ್ಣವನ್ನು ನೀರಿನಲ್ಲಿ ಕಲಕಿ, ಪೂರ್ತಿ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಬೇರೆ ಲೋಟಕ್ಕೆ ಬಗ್ಗಿಸಿಕೊಳ್ಳಿ. ಕಣ್ಣಿಗೆ ಸಿಡಿಯದಂತೆ ಜೋಪಾನ, ಸುಣ್ಣದ ನೀರು ಕಣ್ಣಿಗೆ ಕೆಟ್ಟದ್ದು. ಊದಿದ ಬಲೂನಿನ ಬಾಯಿಗೆ ಒಂದು ಸ್ಟ್ರಾ ಹಿಡಿದು, ಅನಿಲವನ್ನು ಮೆಲ್ಲಗೆ ಆ ತಿಳಿಯೊಳಗೆ ಬಿಡಿ. ನೀರು ಹಾಲಿನ ಹಾಗೆ ಮಸುಕಾಗುತ್ತದೆ. ಸೋಡಾ ಬಲೂನಿನ ಅನಿಲ ಬಿಟ್ಟರೂ ಹಾಗೇ ಆಗುತ್ತದೆ. ಅನಿಲ ಒಂದೇ, ಅದನ್ನು ಮಾಡಿದವರು ಬೇರೆ.

ಇನ್ನೊಂದು ಪ್ರಯೋಗಕ್ಕೆ ಬಲೂನೇ ಬೇಡ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದು ಬಾಟಲಿಗೆ 200 ಮಿಲಿಲೀಟರ್ ನೀರು, ಸರಿಯಾಗಿ 20 ಗ್ರಾಂ ಸಕ್ಕರೆ, ಎರಡು ಚಮಚ ಯೀಸ್ಟ್ ಹಾಕಿ, ಬಾಯಿಗೆ ಸಡಿಲವಾಗಿ ಹತ್ತಿ ಇಟ್ಟು ತೂಗಿ. ಪಕ್ಕದಲ್ಲಿ ಯೀಸ್ಟ್ ಇಲ್ಲದ ಸಕ್ಕರೆ ನೀರನ್ನೂ ಹಾಗೆಯೇ ಹತ್ತಿ ಇಟ್ಟು ತೂಗಿ. ನೀರು ಆವಿಯಾಗಿ ಕಳೆಯುವ ತೂಕ ಎಷ್ಟು ಅಂತ ಅದು ಹೇಳುತ್ತದೆ. ಆಗಾಗ ತೂಗುತ್ತಾ ಒಂದು ದಿನ ಬಿಡಿ. ಯೀಸ್ಟ್ ಬಾಟಲಿ ಹಗುರವಾಗುತ್ತಾ ಹೋಗುತ್ತದೆ. ಲೆಕ್ಕದ ಪ್ರಕಾರ 20 ಗ್ರಾಂ ಸಕ್ಕರೆಯೂ ಹುದುಗಿದರೆ ಸುಮಾರು 10 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗಬೇಕು. ಉಳಿದ 10 ಗ್ರಾಂ ಹೆಚ್ಚುಕಮ್ಮಿ ಆಲ್ಕೋಹಾಲ್ ಆಗಿ ನೀರಿನಲ್ಲೇ ಇರಬೇಕು. ನಿಮ್ಮ ಅಂಕಿ ಅದಕ್ಕಿಂತ ಒಂದೆರಡು ಗ್ರಾಂ ಕಡಿಮೆ ಬರಬಹುದು. ಸ್ವಲ್ಪ ಅನಿಲ ನೀರಿನಲ್ಲಿ ಕರಗಿರುತ್ತದೆ, ಸ್ವಲ್ಪ ಸಕ್ಕರೆ ಯೀಸ್ಟ್‌ನ ಮೈಗೆ ಸೇರಿರುತ್ತದೆ, ಒಂದಿಷ್ಟು ಹುದುಗದೆ ಉಳಿದಿರಲೂಬಹುದು.

ಆಂಟ್ವಾನ್ ಲವಾಜಿಯೆ 1789ರಲ್ಲಿ ಪ್ರಕಟಿಸಿದ ಲೆಕ್ಕ ಇಂಥದ್ದೇ. ಮೊದಲು ಹಾಕಿದ ಸಕ್ಕರೆಯ ತೂಕ, ಆಮೇಲೆ ಬಂದ ಆಲ್ಕೋಹಾಲ್ ಮತ್ತು ಅನಿಲದ ತೂಕ ಎಲ್ಲವನ್ನೂ ಹೊಂದಿಸಿ ನೋಡಿದ್ದರು. ಯಾವುದೂ ಮಾಯವಾಗಿಲ್ಲ, ರೂಪ ಬದಲಿಸಿದೆ ಅನ್ನುವುದು ಅವರ ಮಾತು.

ಗಾತ್ರದಲ್ಲಿ ಹೇಳುವುದಾದರೆ ಇನ್ನೂ ಸೋಜಿಗ. ಒಂದು ಟೀ ಚಮಚ ಸಕ್ಕರೆ, ಅಂದರೆ ಸುಮಾರು 4 ಗ್ರಾಂ, ಪೂರ್ತಿ ಹುದುಗಿದರೆ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ಅನಿಲ ಕೊಡುತ್ತದೆ. ಅದಕ್ಕೇ ಈ ಬಾಟಲಿಗಳಿಗೆ ಯಾವತ್ತೂ ಮುಚ್ಚಳ ತಿರುಗಿಸಿ ಬಿಗಿಯಬಾರದು. ಅನಿಲಕ್ಕೆ ಹೊರಹೋಗಲು ದಾರಿ ಇಲ್ಲದಿದ್ದರೆ ಬಾಟಲಿ ಸಿಡಿಯುತ್ತದೆ. ಗಾಜಿನದ್ದಾದರೆ ಅಪಾಯ ಇನ್ನೂ ಹೆಚ್ಚು. ಬಲೂನ್ ತೀರಾ ಬಿಗಿಯಾದರೆ ತೆಗೆದು ಗಾಳಿ ಬಿಟ್ಟು ಮತ್ತೆ ಸಿಕ್ಕಿಸಿ. ಪ್ರಯೋಗ ಮುಗಿದ ಮೇಲೆ ಆ ನೀರನ್ನು ಚೆಲ್ಲಿಬಿಡಿ. ಯಾರೂ ರುಚಿ ನೋಡಬಾರದು.

ಯೀಸ್ಟ್‌ಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ

ಇಲ್ಲಿಂದ ಮುಂದೆ ಮಕ್ಕಳೇ ಪ್ರಶ್ನೆ ಹುಟ್ಟಿಸಿಕೊಳ್ಳುತ್ತಾರೆ. ಸಕ್ಕರೆ ಬದಲು ಜೇನು ಹಾಕಿದರೆ? ಹಾಲು? ಮೈದಾ? ಉಪ್ಪು? ಒಂದೊಂದಕ್ಕೂ ಒಂದೊಂದು ಬಾಟಲಿ.

ಹಾಲಿನ ಬಾಟಲಿಯನ್ನು ಖಂಡಿತ ಮಾಡಿ ನೋಡಿ. ಹಾಲಿನಲ್ಲೂ ಸಕ್ಕರೆ ಇದೆ, ಆದರೂ ಬಲೂನ್ ಏಳುವುದಿಲ್ಲ. ಹಾಲಿನ ಸಕ್ಕರೆ ಲ್ಯಾಕ್ಟೋಸ್. ನಾವು ಬಳಸುವ ಸಕ್ಕರೆ ಸುಕ್ರೋಸ್. ಎರಡೂ ಜೋಡಿ ಸಕ್ಕರೆಗಳೇ, ಎರಡೆರಡು ಸಣ್ಣ ಸಕ್ಕರೆಗಳು ಅಂಟಿಕೊಂಡು ಆದವು. ಸುಕ್ರೋಸ್‌ನ ಅಂಟು ಬಿಡಿಸಲು ಯೀಸ್ಟ್‌ನ ಬಳಿ ಇನ್ವರ್ಟೇಸ್ ಅನ್ನುವ ಕಿಣ್ವ ಇದೆ. ಲ್ಯಾಕ್ಟೋಸ್ ಬಿಡಿಸುವ ಕಿಣ್ವ ಬ್ರೆಡ್ ಯೀಸ್ಟ್‌ನ ಬಳಿ ಇಲ್ಲ. ಬೀಗಕ್ಕೆ ಸರಿಯಾದ ಕೀಲಿ ಇಲ್ಲದಿದ್ದರೆ ಪೆಟ್ಟಿಗೆ ತುಂಬ ಚಿನ್ನ ಇದ್ದರೂ ಪ್ರಯೋಜನ ಇಲ್ಲ ಅನ್ನುವ ಹಾಗೆ. ಅದೇ ಹಾಲಿಗೆ ಒಂದು ಚಮಚ ಸಕ್ಕರೆ ಹಾಕಿದ ಇನ್ನೊಂದು ಬಾಟಲಿಯನ್ನೂ ಪಕ್ಕದಲ್ಲಿ ಇಡಿ. ಅದು ಏಳುತ್ತದೆ. ಹಾಗಾದರೆ ಹಾಲು ಯೀಸ್ಟನ್ನು ಕೊಂದಿಲ್ಲ, ಅದಕ್ಕೆ ಊಟ ಸಿಕ್ಕಿರಲಿಲ್ಲ ಅಷ್ಟೇ.

ಉಪ್ಪು ಜಾಸ್ತಿಯಾದರೆ ಯೀಸ್ಟ್ ನಿಧಾನವಾಗುತ್ತದೆ. ಇದನ್ನು ಎಲ್ಲರೂ ಊಹಿಸುತ್ತಾರೆ. ಸಕ್ಕರೆ ಜಾಸ್ತಿಯಾದರೂ ನಿಧಾನವಾಗುತ್ತದೆ ಅನ್ನುವುದನ್ನು ಯಾರೂ ಊಹಿಸುವುದಿಲ್ಲ. ಅದೇ 150 ಮಿಲಿಲೀಟರ್ ನೀರಿಗೆ ಹದಿನೈದು ಇಪ್ಪತ್ತು ಚಮಚ ಸಕ್ಕರೆ ಸುರಿದು ನೋಡಿ, ಒಂದು ಚಮಚದ ಬಾಟಲಿಗಿಂತ ಹಿಂದೆ ಬೀಳುತ್ತದೆ. ಹೊರಗಿನ ದ್ರವ ಅಷ್ಟು ಗಟ್ಟಿಯಾದಾಗ ಅದು ಕೋಶದೊಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಊಟ ಸುತ್ತಲೂ ರಾಶಿ ಬಿದ್ದಿದ್ದರೂ ಯೀಸ್ಟ್ ಬಾಯಾರಿ ಸೊರಗುತ್ತದೆ.

ಮೈದಾದ ವಿಷಯಕ್ಕೆ ಬಲೂನ್‌ಗಿಂತ ಲೋಟ ಒಳ್ಳೆಯದು. ಎರಡು ಚಮಚ ಮೈದಾಗೆ ಅರ್ಧ ಚಮಚ ಯೀಸ್ಟ್, ಚಿಟಿಕೆ ಸಕ್ಕರೆ, ಬೇಕಾದಷ್ಟು ನೀರು ಹಾಕಿ ಮೆದುವಾಗಿ ನಾದಿ. ಗೋಲಿಯಷ್ಟು ದಪ್ಪದ ಉಂಡೆ ಮಾಡಿ, ಉಗುರುಬೆಚ್ಚಗಿನ ನೀರಿನ ಗಾಜಿನ ಲೋಟಕ್ಕೆ ಬಿಡಿ. ಪಕ್ಕದ ಲೋಟಕ್ಕೆ ಯೀಸ್ಟ್ ಇಲ್ಲದ ಉಂಡೆ. ಎರಡೂ ಕಲ್ಲಿನ ಹಾಗೆ ತಳ ಸೇರುತ್ತವೆ. ಕಾಯಿರಿ. ಯೀಸ್ಟ್ ಉಂಡೆ ಮೊದಲು ಸ್ವಲ್ಪ ದಪ್ಪಗಾಗುತ್ತದೆ. ಆಮೇಲೆ ತಳದಲ್ಲೇ ಹೊರಳಾಡುತ್ತದೆ. ಒಂದು ಅಂಚು ಎದ್ದು, ಮತ್ತೆ ಕೂತು, ಹಾಗೇ ಹೋಗಿ ಇದ್ದಕ್ಕಿದ್ದ ಹಾಗೆ ತಳ ಬಿಟ್ಟು ಮೇಲೆ ಬಂದು ತೇಲುತ್ತದೆ. ಆ ಗಳಿಗೆಯನ್ನು ಕಣ್ಣಾರೆ ನೋಡಲು ನಾನು ಮೇಜಿನ ಮುಂದೆ ಗಲ್ಲ ಊರಿ ಕೂತಿದ್ದೇನೆ. ಮೈದಾ ನಾದಿದಾಗ ಗ್ಲುಟೆನ್ ಅನ್ನುವ ಪ್ರೋಟೀನ್ ರಬ್ಬರಿನಂಥ ಬಲೆ ಹೆಣೆಯುತ್ತದೆ. ಯೀಸ್ಟ್ ಬಿಟ್ಟ ಅನಿಲ ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಉಂಡೆಯ ತೂಕ ಹೆಚ್ಚುವುದಿಲ್ಲ, ಗಾತ್ರ ಹೆಚ್ಚುತ್ತದೆ. ಅಷ್ಟೇ ಜಾಗದ ನೀರಿಗಿಂತ ಹಗುರವಾದ ಕ್ಷಣ ಅದು ಮೇಲೆದ್ದಿತು. ಬ್ರೆಡ್ಡಿನ ಹೋಳಿನಲ್ಲಿ ಕಾಣುವ ತೂತುಗಳೆಲ್ಲ ಇಂಥ ಗುಳ್ಳೆಗಳ ಗುರುತು.

ಬುಖ್ನರ್ ಮತ್ತು ನೊರೆ

ಪಾಶ್ಚರ್ ಅವರಿಂದ ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. ಜೀವ ಇದ್ದರೆ ಹುದುಗುವಿಕೆ, ಇಲ್ಲದಿದ್ದರೆ ಇಲ್ಲ. 1897ರಲ್ಲಿ ಎಡುವರ್ಡ್ ಬುಖ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು, ಕೋಶಗಳನ್ನೆಲ್ಲ ಒಡೆದು, ಹಿಂಡಿ ರಸ ತೆಗೆದರು. ಅದರಲ್ಲಿ ಜೀವಂತ ಕೋಶ ಇರಲಿಲ್ಲ. ರಸ ಕೆಡದಿರಲಿ ಅಂತ ಸಕ್ಕರೆ ಬೆರೆಸಿದರು. ಆ ರಸದಲ್ಲಿ ಗುಳ್ಳೆ ಏಳತೊಡಗಿತು. ಕೋಶ ಇಲ್ಲದೆಯೇ ಹುದುಗುವಿಕೆ ನಡೆದಿತ್ತು! ಕೆಲಸ ಮಾಡುವುದು ಕೋಶದೊಳಗಿನ ಕಿಣ್ವಗಳು, ಅವನ್ನು ಹೊರಗೆ ತೆಗೆದರೂ ಸ್ವಲ್ಪ ಕಾಲ ದುಡಿಯುತ್ತವೆ ಅಂತ ಗೊತ್ತಾಯಿತು. ಇದಕ್ಕೆ ಬುಖ್ನರ್ ಅವರಿಗೆ 1907ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಂತು. ಕಿಣ್ವಕ್ಕೆ ಇಂಗ್ಲಿಷಿನಲ್ಲಿ ಹೇಳುವ ಎನ್‌ಝೈಮ್ ಅನ್ನುವ ಪದಕ್ಕೂ ಗ್ರೀಕ್ ಮೂಲದಲ್ಲಿ ಯೀಸ್ಟ್‌ನೊಳಗಿನದು ಅಂತಲೇ ಅರ್ಥ.

ಮರಳಿನಲ್ಲಿ ಅರೆಯುವುದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಆದರೆ ಒಂದೇ ಒಂದು ಕಿಣ್ವದ ಕೆಲಸವನ್ನು ಕಣ್ಣಿಗೆ ಕಾಣುವಂತೆ ಮಾಡಬಹುದು. ಔಷಧಿ ಅಂಗಡಿಯಲ್ಲಿ ಸಿಗುವ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ತನ್ನಿ. ಅದಕ್ಕಿಂತ ಗಟ್ಟಿಯದು ಮಕ್ಕಳ ಹತ್ತಿರ ಬೇಡವೇ ಬೇಡ, ಚರ್ಮ ಸುಡುತ್ತದೆ. ಕನ್ನಡಕ ಹಾಕಿಕೊಳ್ಳಿ, ದೊಡ್ಡವರು ಜೊತೆಗಿರಲಿ. ಉದ್ದನೆಯ ಲೋಟಕ್ಕೆ 50 ಮಿಲಿಲೀಟರ್ ಪೆರಾಕ್ಸೈಡ್, ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವು ಹನಿ. ಒಂದು ಚಮಚ ಯೀಸ್ಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಕಿ ಅದಕ್ಕೆ ಸುರಿಯಿರಿ. ಸಕ್ಕರೆ ಬೇಡ. ಅರ್ಧ ಗಂಟೆ ಕಾಯಬೇಕಾಗಿಯೂ ಇಲ್ಲ. ನೊರೆ ಆಗಲೇ ಉಕ್ಕಿ ಮೇಲೆ ಬರುತ್ತದೆ. ಲೋಟ ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ.

ಈ ಅನಿಲ ಬೇರೆ. ಇದು ಆಮ್ಲಜನಕ. ಯೀಸ್ಟ್‌ನಲ್ಲಿರುವ ಕ್ಯಾಟಲೇಸ್ ಅನ್ನುವ ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಪೆರಾಕ್ಸೈಡ್ ಜೀವಕೋಶಗಳಿಗೆ ವಿಷ. ಉಸಿರಾಡುವ ಕೋಶಗಳಲ್ಲಿ ಅದು ಸ್ವಲ್ಪ ಸ್ವಲ್ಪ ತಾನಾಗಿಯೇ ಹುಟ್ಟುತ್ತಿರುತ್ತದೆ. ಅದನ್ನು ಆಗಿಂದಾಗ್ಗೆ ತೆಗೆದುಹಾಕಲೆಂದೇ ಈ ಕಿಣ್ವ. ನಮ್ಮ ಮೈಯಲ್ಲೂ ಇದೆ. ಗಾಯಕ್ಕೆ ಪೆರಾಕ್ಸೈಡ್ ಹಾಕಿದಾಗ ಬುರುಗು ಬರುವುದು ಅದರಿಂದಲೇ.

ಇಲ್ಲೂ ಜೋಡಿ ಲೋಟಗಳನ್ನು ಮರೆಯಬೇಡಿ. ಐಸ್ ನೀರಿನಲ್ಲಿ ಕಲಕಿದ ಯೀಸ್ಟ್ ಹಾಕಿ: ನೊರೆ ಬರುತ್ತದೆ. ಬಲೂನ್ ಬಾಟಲಿಯಲ್ಲಿ ಒಂದು ಗಂಟೆ ತೆಪ್ಪಗೆ ಕೂತಿದ್ದ ಅದೇ ತಣ್ಣನೆಯ ಯೀಸ್ಟ್! ಸಕ್ಕರೆ ಒಡೆಯಲು ಹತ್ತಾರು ಕಿಣ್ವಗಳು ಸಾಲಾಗಿ ದುಡಿಯಬೇಕು. ಇಲ್ಲಿ ಒಂದೇ ಕಿಣ್ವ, ಒಂದೇ ಹೆಜ್ಜೆ, ಅದೂ ಭಾರಿ ವೇಗದ್ದು. ಚಳಿಯಲ್ಲೂ ನಡೆಯುತ್ತದೆ. ಇನ್ನೊಂದು ಲೋಟಕ್ಕೆ ಕುದಿಸಿ ಆರಿಸಿದ ಯೀಸ್ಟ್ ಹಾಕಿ. ನೊರೆ ಇಲ್ಲ. ಆಕಾರ ಕೆಟ್ಟ ಕಿಣ್ವ ಇಲ್ಲೂ ಕೆಲಸಕ್ಕೆ ಬರಲಿಲ್ಲ.

ಹಾಗಾದರೆ ನಮ್ಮ ಪ್ರಶ್ನೆ ಎಲ್ಲಿಗೆ ಬಂತು? ಕುದಿಸಿದರೆ ಕೆಲಸ ನಿಲ್ಲುತ್ತದೆ ಅನ್ನುವುದನ್ನು ಜೀವ ಇದ್ದದ್ದಕ್ಕೆ ಸಾಕ್ಷಿ ಅಂತ ಅಂದುಕೊಂಡಿದ್ದೆವು. ಬುಖ್ನರ್ ಬಂದು, ಸತ್ತ ಯೀಸ್ಟ್‌ನ ರಸವೂ ಗುಳ್ಳೆ ಬಿಡುತ್ತದೆ, ಕುದಿಸಿದರೆ ಅದೂ ನಿಲ್ಲುತ್ತದೆ ಅಂದರು. ಅಂದರೆ ಗುಳ್ಳೆಯೊಂದನ್ನೇ ನಂಬಿ ಜೀವ ಇದೆ ಅನ್ನುವ ಹಾಗಿಲ್ಲ. ತಂಗಿಯ ಮಗಳಿಗೆ ಇದನ್ನು ಹೇಳಿದಾಗ ಅವಳ ಮುಖ ಸಣ್ಣದಾಯಿತು. "ಮತ್ತೆ ಹೇಗೆ ತೋರಿಸೋದು?" ಅಂದಳು.

ಹಳೇ ಹಿಟ್ಟಿನ ತುಂಡು

ಸೋಡಾ ಮಾಡಲಾರದ, ಹಿಂಡಿದ ರಸವೂ ಮಾಡಲಾರದ ಕೆಲಸ ಒಂದಿದೆ. ತನ್ನಂಥದ್ದನ್ನೇ ಇನ್ನಷ್ಟು ಮಾಡುವುದು.

ಯೀಸ್ಟ್ ಕೋಶದ ಒಂದು ಬದಿಯಲ್ಲಿ ಸಣ್ಣ ಮೊಗ್ಗು ಮೂಡುತ್ತದೆ. ಅದು ಬೆಳೆದು, ಬೇರೆಯಾಗಿ, ಮರಿ ಕೋಶವಾಗುತ್ತದೆ. ಊಟ, ಗಾಳಿ, ಕಾವು ಎಲ್ಲ ಹದವಾಗಿದ್ದರೆ ಸುಮಾರು ಒಂದೂವರೆ ಗಂಟೆಗೆ ಸಂಖ್ಯೆ ಎರಡರಷ್ಟಾಗುತ್ತದೆ. 400 ಪಟ್ಟು ದೊಡ್ಡದು ಮಾಡುವ ಮೈಕ್ರೋಸ್ಕೋಪ್ ಎಲ್ಲಾದರೂ ಸಿಕ್ಕರೆ ಒಂದು ಹನಿ ಯೀಸ್ಟ್ ನೀರನ್ನು ಇಟ್ಟು ನೋಡಿ, ಮೊಗ್ಗು ಹೊತ್ತ ಕೋಶಗಳು ಕಾಣುತ್ತವೆ. ಆಂಟೋನಿ ಫಾನ್ ಲೇವನ್‌ಹುಕ್ 1680ರಲ್ಲೇ ಬಿಯರಿನ ಯೀಸ್ಟನ್ನು ತಮ್ಮ ಮಸೂರದಲ್ಲಿ ನೋಡಿ ದುಂಡು ಕಣಗಳು ಅಂತ ಬರೆದಿದ್ದರು, ಆದರೆ ಅವಕ್ಕೆ ಜೀವ ಇದೆ ಅಂತ ಅವರಿಗೆ ತೋಚಲಿಲ್ಲ.

ಮೈಕ್ರೋಸ್ಕೋಪ್ ಇಲ್ಲದೆಯೂ ಇದನ್ನು ಪರೀಕ್ಷೆ ಮಾಡಬಹುದು. ಮೈದಾ, ನೀರು, ಚಿಟಿಕೆ ಯೀಸ್ಟ್ ಹಾಕಿ ಒಂದು ಮುಷ್ಟಿ ಹಿಟ್ಟು ನಾದಿ, ಲೋಟದಲ್ಲಿಟ್ಟು, ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ. ಚೆನ್ನಾಗಿ ಉಬ್ಬಿದ ಮೇಲೆ ಅದರಲ್ಲಿ ಹತ್ತನೇ ಒಂದು ಭಾಗ ಮಾತ್ರ ತೆಗೆದುಕೊಂಡು, ಒಂಬತ್ತು ಪಾಲು ಹೊಸ ಹಿಟ್ಟಿನ ಜೊತೆ ಕಲಸಿ ಹೊಸ ಲೋಟಕ್ಕೆ ಹಾಕಿ. ಯೀಸ್ಟ್ ಬೇರೆ ಹಾಕಬೇಡಿ. ಹಿಟ್ಟು ಮತ್ತು ನೀರು ಮಾತ್ರ ಇರುವ ಲೋಟವೂ ಪಕ್ಕದಲ್ಲಿರಲಿ. ಈ ಸಲ ಉಬ್ಬಲು ಹೊತ್ತು ಹಿಡಿಯುತ್ತದೆ. ರಾತ್ರಿ ಇಟ್ಟು ಬೆಳಗ್ಗೆ ನೋಡಿ. ಉಬ್ಬಿದ್ದರಲ್ಲಿ ಮತ್ತೆ ಹತ್ತನೇ ಒಂದು ಭಾಗ, ಮತ್ತೆ ಹೊಸ ಹಿಟ್ಟು. ಹೀಗೆ ನಾಲ್ಕು ಸಲ. ಪ್ರತಿ ಸಲವೂ ಬರೀ ಹಿಟ್ಟಿನ ಲೋಟವನ್ನು ಹೊಸದಾಗಿ ಮಾಡಿ. ಹಿಟ್ಟಿನಲ್ಲೂ ಗಾಳಿಯಲ್ಲೂ ಇರುವ ಬೇರೆ ಸೂಕ್ಷ್ಮಜೀವಿಗಳು ದಿನ ಕಳೆದಂತೆ ಸೇರಿಕೊಂಡು ಹುಳಿ ವಾಸನೆ ತರುತ್ತವೆ, ಆದ್ದರಿಂದ ಹೋಲಿಸಿ ನೋಡಲು ತಾಜಾ ಲೋಟ ಬೇಕು. ಈ ಹಿಟ್ಟನ್ನು ತಿನ್ನಬೇಡಿ.

ಲೆಕ್ಕ ಹಾಕಿ. ಒಂದನೇ ಸಲಕ್ಕೆ ಮೊದಲಿನ ಯೀಸ್ಟ್ ಹತ್ತರಲ್ಲಿ ಒಂದು ಪಾಲಾಯಿತು. ಎರಡನೇ ಸಲಕ್ಕೆ 100ರಲ್ಲಿ ಒಂದು. ನಾಲ್ಕನೇ ಸಲಕ್ಕೆ 10,000ದಲ್ಲಿ ಒಂದು ಪಾಲು. ಯೀಸ್ಟ್ ಸೋಡಾದಂಥ ಪುಡಿಯೇ ಆಗಿದ್ದರೆ ನಾಲ್ಕನೇ ಲೋಟದಲ್ಲಿ ಏನೂ ನಡೆಯಬಾರದಿತ್ತು.

ಐದನೇ ದಿನ ಬೆಳಗ್ಗೆ ಅವಳು ಹಲ್ಲುಜ್ಜುವ ಮೊದಲೇ ಅಡುಗೆಮನೆಗೆ ಓಡಿದಳು. ನಾಲ್ಕನೇ ಲೋಟದ ಹಿಟ್ಟು ರಬ್ಬರ್ ಬ್ಯಾಂಡ್ ದಾಟಿ ಎರಡು ಬೆರಳು ಮೇಲೆ ಬಂದಿತ್ತು. ಗಾಜಿಗೆ ಅಂಟಿದ ಕಡೆಯೆಲ್ಲ ಸಣ್ಣ ಸಣ್ಣ ಗುಳ್ಳೆ. ಪಕ್ಕದ ಲೋಟದ ಹಿಟ್ಟು ಇಟ್ಟ ಹಾಗೇ ಕೂತಿತ್ತು. ಅವಳು ಎರಡನ್ನೂ ಸ್ವಲ್ಪ ಹೊತ್ತು ನೋಡಿ, "ಇವು ನಾವು ಹಾಕಿದ ಯೀಸ್ಟ್ ಅಲ್ಲ, ಅದರ ಮಕ್ಕಳು ಮೊಮ್ಮಕ್ಕಳು" ಅಂದಳು. ಆಮೇಲೆ ಐದನೇ ಲೋಟ ತೊಳೆಯಲು ಹೋದಳು.